ಹದಿನೆಂಟು ಬುಟ್ಟಿ, ಹದಿನೇಳು ಹೆಸರು

ಹನ್ನೆರಡಕ್ಕೆ ಬರುತ್ತೇನೆಂದು ಹೇಳಿದ್ದವನು ಹತ್ತಕ್ಕೇ ಬಂದುಬಿಟ್ಟಿದ್ದ. ದಾರಿ ಖಾಲಿಯಿತ್ತು, ಕಾರು ಬೇಗ ಓಡಿತು ಎಂದು ತನಗೆ ತಾನೇ ಸಮಜಾಯಿಷಿ ಕೊಟ್ಟುಕೊಂಡ. ಸುಳ್ಳು. ಬೇಗನೆ ಎದ್ದು, ಗಡ್ಡ ಹೆರೆದುಕೊಂಡು, ಪಾಠಕ್ಕೆ ಹೋಗುವಾಗ ಹಾಕುವ ಬೂದು ಕೋಟು ಹಾಕಿಕೊಂಡು, ಎಂಟಕ್ಕೆಲ್ಲ ಹೊರಟಿದ್ದ. ಹುಟ್ಟೂರಿನ ನೆರೆಮನೆಯ ಇಲ್ಕಾ ಬರುವ ಮುಂಚೆ ತಾನು ಅಲ್ಲಿರಬೇಕು ಎಂಬುದೊಂದೇ ಮನಸ್ಸಿನಲ್ಲಿದ್ದದ್ದು. ಯಾಕೆ ಎಂದು ಮಾತ್ರ ಕೇಳಿಕೊಂಡಿರಲಿಲ್ಲ.

ಎಮಿಲ್ ಹ್ರೆಂಕೊ ಇತಿಹಾಸದ ಅಧ್ಯಾಪಕ. ವಯಸ್ಸು ನಲವತ್ತನಾಲ್ಕು. ತಾನು ಹುಟ್ಟಿದ ಊರಿನ ಮೇಲೆಯೇ ಪುಸ್ತಕ ಬರೆದು ಊರು ಬಿಟ್ಟವನು. ಪುಸ್ತಕದ ಮೊದಲ ಪುಟದಲ್ಲಿ, ‘ಗಣಿಯೊಳಗೇ ಉಳಿದ ಅಪ್ಪನಿಗೆ’ ಎಂದು ಅಚ್ಚಾಗಿತ್ತು. ಮದುವೆ ಮುರಿದಾಗ ಹೆಂಡತಿ ಹೇಳಿದ್ದು ಇದೇ ಮಾತು: ನಿನಗೆ ಬದುಕಿರೋರ ಜೊತೆ ಬಾಳೋಕೆ ಬರಲ್ಲ. ಆಗ ಅವನಿಗೆ ಒಳಗೊಳಗೇ ಹೆಮ್ಮೆಯಾಗಿತ್ತು.

ಊರಿನ ಹೆಸರು ಅರ್ಡೆಲ್ಲಾ. ಅದು ಕಂಪನಿಯ ಮಾಲೀಕನ ಮಗಳ ಹೆಸರು. ಅವಳು ಒಂದು ಸಲವೂ ಇಲ್ಲಿಗೆ ಬಂದವಳಲ್ಲ. ಹೊಗೆ ಕಂಡರೆ ಕೆಮ್ಮಂತೆ. ಅರ್ಡೆಲ್ಲಾ ಕೋಲ್ ಅಂಡ್ ಕೋಕ್ ಕಂಪನಿಯ ಕಾಲದಲ್ಲಿ ಗಣಿ, ಇನ್ನೂರು ಒಲೆ, ಅಂಗಡಿ, ಮನೆ, ಇಗರ್ಜಿಯ ಗಂಟೆ ಎಲ್ಲವೂ ಕಂಪನಿಯದೇ. ಕಂಪನಿ ಹೋದಮೇಲೆ ಉಳಿದದ್ದು ಯಾರದೂ ಅಲ್ಲ. ಹೊಳೆ ಮಾತ್ರ ಇನ್ನೂ ಗಣಿಯ ನೀರು ಕುಡಿದು ಕಿತ್ತಳೆ ಬಣ್ಣಕ್ಕೆ ಹರಿಯುತ್ತಿತ್ತು.

ಕಾರನ್ನು ಅಂಗಡಿಯ ಗೋಡೆಯ ಪಕ್ಕ ನಿಲ್ಲಿಸಿ ನಡೆದ. ಎಡಗಡೆ ಗುಡ್ಡದ ಬುಡಕ್ಕೆ ಒರಗಿಕೊಂಡ ಕೋಕ್ ಒಲೆಗಳ ಸಾಲು. ಇಟ್ಟಿಗೆಯ ಗುಮ್ಮಟ, ಮನುಷ್ಯ ಬಗ್ಗಿ ಹೋಗುವಷ್ಟು ಬಾಯಿ. ಕಲ್ಲಿದ್ದಲು ತುಂಬಿ, ಬಾಯಿಗೆ ಇಟ್ಟಿಗೆ ಕಟ್ಟಿ ಮಣ್ಣು ಮೆತ್ತಿ, ಎರಡು ದಿನ ಬೇಯಿಸಿ, ಉಕ್ಕಿನ ಕುಲುಮೆಗೆ ಬೇಕಾದ ಕೋಕ್ ಇದ್ದಿಲು ಮಾಡುತ್ತಿದ್ದರು. ಶನಿವಾರ ತುಂಬಿದ ಒಲೆಗೆ ಮೂರು ದಿನ. ಭಾನುವಾರದ ರಜ ಮನುಷ್ಯರಿಗಿತ್ತು, ಬೆಂಕಿಗಿರಲಿಲ್ಲ. ಈಗ ಒಂದರೊಳಗೆ ಯಾರೋ ಹಳೆಯ ಹಾಸಿಗೆ ಎಸೆದಿದ್ದರು. ಇನ್ನೊಂದರ ಗುಮ್ಮಟ ಒಡೆದುಕೊಂಡು ಬರ್ಚ್ ಮರ ಎದ್ದಿತ್ತು. ಈ ಒಲೆಗಳ ಬಗ್ಗೆ ಅವನು ನಲವತ್ತು ಪುಟ ಬರೆದಿದ್ದ. ನಿಂತು ನೋಡುವ ಮನಸ್ಸಾಗಲಿಲ್ಲ.

ಮನೆಗಳ ಬೀದಿಯಲ್ಲಿ ತಲೆ ತಗ್ಗಿಸಿದ. ಕಂಪನಿ ಕಟ್ಟಿಸಿದ್ದೆಲ್ಲ ಜೋಡಿ ಮನೆ. ಒಂದೇ ಸೂರು, ನಡುವೆ ಒಂದೇ ಗೋಡೆ, ಅತ್ತ ಒಂದು ಸಂಸಾರ, ಇತ್ತ ಒಂದು. ಎರಡು ವರ್ಷದ ಹಿಂದೆ ಅಮ್ಮ ಪರಸ್ಕಾ ತೀರಿಕೊಂಡಮೇಲೆ ಎಮಿಲ್ ತನ್ನ ಅರ್ಧವನ್ನು ಕೆಡವಿಸಿದ್ದ. ಇನ್ನರ್ಧದಲ್ಲಿ ಇಲ್ಕಾ ಇದ್ದಾಳೆ. ನಡುಗೋಡೆ ಈಗ ಹೊರಗೋಡೆ. ಅದರ ಮೇಲೆ ಅಮ್ಮನ ಅಡುಗೆಮನೆಯ ಹಳದಿ ಹೂವಿನ ಕಾಗದ ಬಯಲಿಗೆ ಮುಖಮಾಡಿಕೊಂಡು ಹಿಮಕ್ಕೂ ಮಳೆಗೂ ಸುಲಿದುಹೋಗುತ್ತಿತ್ತು. ಇಲ್ಕಾಳ ಚಿಮಣಿಯಿಂದ ಹೊಗೆ ಬರುತ್ತಿತ್ತು. ಅವನು ಬೀದಿಯ ಆಚೆ ಬದಿಗೆ ದಾಟಿಕೊಂಡು ನಡೆದ.

ಗಣಿಯ ಸ್ನಾನದ ಮನೆ ಊರಿನ ತುದಿಗಿತ್ತು. ನಾಳೆ ಬೆಳಿಗ್ಗೆ ಅದನ್ನು ಕೆಡವುತ್ತಾರೆ. ಕೆಡವುವ ಕೆಲಸದ ಮೇಸ್ತ್ರಿ ಟಿಂಗ್ಲರ್ ಬಾಗಿಲ ಬಳಿ ಉರುಳಿದ ಪೀಪಾಯಿಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದ. ಅರವತ್ತರ ಮನುಷ್ಯ. ಪಕ್ಕದ ಕಣಿವೆಯವನು, ಅವನಪ್ಪನೂ ಗಣಿಯವನೇ.

“ಹನ್ನೆರಡಕ್ಕೆ ಅಂದಿದ್ರಲ್ಲ ಆಯಮ್ಮ,” ಎಂದ.

“ಸ್ವಲ್ಪ ಮುಂಚೆ ನೋಡ್ಕೊಳ್ಳೋಣ ಅಂತ,” ಎಂದ ಎಮಿಲ್.

“ಏನು ನೋಡ್ತೀರಿ ಮೇಷ್ಟ್ರೇ, ಧೂಳು.” ಟಿಂಗ್ಲರ್ ಬೀಗ ತೆಗೆದು, ತಲೆಗೆ ಹಾಕಿಕೊಳ್ಳಲು ಗಟ್ಟಿ ಟೋಪಿ ಕೊಟ್ಟ. ತಾನು ಒಳಗೆ ಬರಲ್ಲ ಎಂದ. ಹನ್ನೆರಡರವರೆಗೆ ಆಚೆ ದಡದಲ್ಲಿ ಯಂತ್ರಕ್ಕೆ ಎಣ್ಣೆ ಹಾಕುವುದಿದೆಯಂತೆ. ಹೋಗುವಾಗ ತಿರುಗಿ ನೋಡದೆ, “ನಮ್ಮೂರಲ್ಲೂ ಬುಟ್ಟಿ ಹಿಂಗೇ ಬಿಟ್ಟಿದ್ರು. ಇಳಿಸಬಾರದು ಅಂತಿದ್ಲು ನಮ್ಮಜ್ಜಿ,” ಎಂದ.

ಒಳಗೆ ತೆರೆದ ಬಾಗಿಲಿನದಷ್ಟೇ ಬೆಳಕು. ಉದ್ದ ಬೆಂಚುಗಳು. ಗೋಡೆಯುದ್ದಕ್ಕೂ ಸಂಖ್ಯೆ ಬರೆದ ಕೊಕ್ಕೆಗಳು. ಒಂದೊಂದು ಕೊಕ್ಕೆಗೆ ಸಿಕ್ಕಿಸಿದ ಒಂದೊಂದು ಸರಪಳಿ ಮೇಲೆ ಹೋಗಿ, ಸೂರಿನ ರಾಟೆ ಹಾದು, ತುದಿಯಲ್ಲಿ, ಕೆಳಗೆ ಕೋಟು ನೇತುಹಾಕುವ ಕೊಕ್ಕೆಗಳಿದ್ದ ಒಂದು ಬುಟ್ಟಿಯನ್ನು ಹಿಡಿದುಕೊಳ್ಳುತ್ತಿತ್ತು. ಗಣಿಗಿಳಿಯುವವನು ಮನೆಯ ಬಟ್ಟೆ ಬಿಚ್ಚಿ ಬುಟ್ಟಿಯಲ್ಲಿಟ್ಟು ಮೇಲೇರಿಸುತ್ತಿದ್ದ. ಮೇಲೆ ಬಂದಮೇಲೆ ಇಳಿಸಿ, ಮೈ ತೊಳೆದು, ಮನೆಯ ಬಟ್ಟೆ ತೊಟ್ಟು, ಗಣಿಯ ಬಟ್ಟೆಯನ್ನು ಒಣಗಲು ಮೇಲೇರಿಸುತ್ತಿದ್ದ. ಬುಟ್ಟಿಯಲ್ಲಿ ಮನೆಯ ಬಟ್ಟೆಯಿದ್ದರೆ ಆ ಮನುಷ್ಯ ಗಣಿಯಲ್ಲಿದ್ದಾನೆ. ಗಣಿಯ ಬಟ್ಟೆಯಿದ್ದರೆ ಹೊರಗಿದ್ದಾನೆ. ಇದರಲ್ಲಿ ತಿಳಿಯದ್ದೇನೂ ಇಲ್ಲ.

ಎಮಿಲ್ ಕತ್ತೆತ್ತಿದ. ಎರಡಾಳು ಎತ್ತರದಲ್ಲಿ, ಕತ್ತಲಲ್ಲಿ, ಹದಿನೆಂಟು ಬುಟ್ಟಿಗಳು ನೇತಾಡುತ್ತಿದ್ದವು. ಎಣಿಸಬೇಕಾಗಿರಲಿಲ್ಲ. ಹದಿನೆಂಟು ಎಂಬುದು ಊರಿಗೆಲ್ಲ ಗೊತ್ತಿತ್ತು.

ಐವತ್ತೆಂಟರ ಮಾರ್ಚ್ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಗಣಿಯೊಳಗೆ ಸ್ಫೋಟವಾಯಿತು. ಬೆಂಕಿ ಆರಲಿಲ್ಲ. ಆರನೆಯ ದಿನ ಕಂಪನಿ ಗಣಿಯ ಬಾಯಿಗೆ ಇಟ್ಟಿಗೆ ಕಟ್ಟಿ ಮುಚ್ಚಿಬಿಟ್ಟಿತು, ಒಲೆಯ ಬಾಯಿ ಮುಚ್ಚಿದ ಹಾಗೆಯೇ. ಒಳಗೆ ಯಾರು ಯಾರಿದ್ದರೆಂದು ಹೇಳಿದ್ದು ಹಲಗೆ. ಪ್ರತಿಯೊಬ್ಬನಿಗೂ ಸಂಖ್ಯೆ ಕೊರೆದ ಹಿತ್ತಾಳೆ ಬಿಲ್ಲೆಯಿರುತ್ತಿತ್ತು. ಇಳಿಯುವಾಗ ಹಲಗೆಯಿಂದ ಬಿಲ್ಲೆ ತೆಗೆದುಕೊಂಡು ಹೋಗಬೇಕು, ಹತ್ತಿ ಬಂದಾಗ ಮತ್ತೆ ಮೊಳೆಗೆ ಹಾಕಬೇಕು. ಅಂದು ಹದಿನೇಳು ಮೊಳೆ ಖಾಲಿಯಿದ್ದವು. ಅದರಲ್ಲಿ ಒಂದು, ಇನ್ನೂರ ಹದಿನಾಲ್ಕು, ಎಮಿಲ್‌ನ ಅಪ್ಪ ಅಂದ್ರೆಯ್‌ನದು.

ಮೇಲೆ ಬಾರದವನ ಬುಟ್ಟಿಯನ್ನು ಬೇರೆಯವರು ಇಳಿಸುವಂತಿರಲಿಲ್ಲ. ಯಾರು ಮಾಡಿದ ಕಟ್ಟಳೆಯೋ, ಹೆಂಗಸರು ಅದನ್ನು ದೇವರ ಮಾತಿಗಿಂತ ಗಟ್ಟಿಯಾಗಿ ಹಿಡಿದುಕೊಂಡರು. ಇಳಿಸಿದರೆ ಅವನು ಸತ್ತ ಎಂದು ತಾನೇ ಒಪ್ಪಿಕೊಂಡ ಹಾಗೆ. ಹದಿನೇಳು ಬುಟ್ಟಿ ಹಾಗೇ ಉಳಿದವು.

ಹದಿನೆಂಟನೆಯದು ಎಂಬತ್ತೇಳು. ಪಕ್ಕದ ಅರ್ಧಮನೆಯ ಲಾಯೋಷ್ ಬೋದ್ನಾರ್, ಇಲ್ಕಾಳ ಅಪ್ಪ. ಅವನದು ಹಿಂದಿನ ರಾತ್ರಿಯ ಪಾಳಿ. ಬೆಳಿಗ್ಗೆ ಏಳಕ್ಕೆ ಬಿಲ್ಲೆ ಹಲಗೆಗೆ ಮರಳಿತ್ತು. ಅಂದರೆ ಮೇಲೆ ಬಂದಿದ್ದ. ಆದರೆ ಮನೆಗೆ ಬರಲಿಲ್ಲ. ಆಮೇಲೆ ಅವನನ್ನು ಕಂಡವರೇ ಇಲ್ಲ. ಗದ್ದಲದಲ್ಲಿ ಓಡಿಹೋದ ಎಂದಿತು ಊರು. ಕ್ಲೀವ್‌ಲ್ಯಾಂಡ್‌ನಲ್ಲಿ ಯಾರೋ ಇದ್ದಳಂತೆ ಎಂದು ಅದಕ್ಕೆ ಒಗ್ಗರಣೆಯೂ ಬಿತ್ತು. ಗುಡ್ಡದ ಮೇಲಿನ ಕಲ್ಲಿನಲ್ಲಿ ಹದಿನೇಳು ಹೆಸರು ಕೆತ್ತಿದರು. ಹದಿನೇಳು ಹೆಂಗಸರು ವಿಧವೆಯರಾದರು. ಲಾಯೋಷ್‌ನ ಹೆಂಡತಿ ವಿಲ್ಮಾ ಗಂಡ ಬಿಟ್ಟವಳಾದಳು.

ವಿಲ್ಮಾ ಬೇರೆಯೇ ಹೇಳುತ್ತಿದ್ದಳು. ಅಂದ್ರೆಯ್ ಆ ತಿಂಗಳು ಎರಡು ಪಾಳಿ ತಪ್ಪಿಸಿದ್ದ, ಮೂರನೆಯದು ತಪ್ಪಿದರೆ ಕಂಪನಿ ಮನೆ ಬಿಡಿಸುತ್ತಿತ್ತು. ಅದಕ್ಕೇ ತನ್ನ ಗಂಡ ರಾತ್ರಿ ಪಾಳಿ ಮುಗಿಸಿ, ತನ್ನ ಬಿಲ್ಲೆ ಹಾಕಿ, ಇನ್ನೂರ ಹದಿನಾಲ್ಕು ತೆಗೆದುಕೊಂಡು ಮತ್ತೆ ಇಳಿದ. ಇದೇನೂ ಕೇಳರಿಯದ ಮಾತಲ್ಲ. ಒಬ್ಬರ ಬಿಲ್ಲೆಯಲ್ಲಿ ಇನ್ನೊಬ್ಬರು ಇಳಿಯುವುದು ಗಂಡಸರೆಲ್ಲ ಮಾಡುತ್ತಿದ್ದ ಕೆಲಸ, ಯಾರೂ ಬಾಯಿಬಿಡದ ಕೆಲಸ. ಸಿಕ್ಕಿಬಿದ್ದರೆ ಇಬ್ಬರಿಗೂ ಗೇಟ್‌ಪಾಸ್. ವಿಲ್ಮಾ ಕಚೇರಿಗೆ ಹೋಗಿ ಹೇಳಿದಳು. ಗುಮಾಸ್ತ ಹಲಗೆ ತೋರಿಸಿದ. ಆಮೇಲೆ ಪಕ್ಕದ ಬಾಗಿಲು ತಟ್ಟಿ ಪರಸ್ಕಾಳಿಗೆ ಹೇಳಿದಳು. ಪರಸ್ಕಾ ಬಾಗಿಲು ಹಾಕಿಕೊಂಡಳು. ಅಲ್ಲಿಂದ ಮುಂದಕ್ಕೆ ಮೂವತ್ತನಾಲ್ಕು ವರ್ಷ ಒಂದೇ ಸೂರಿನ ಕೆಳಗೆ ಆ ಇಬ್ಬರು ಹೆಂಗಸರ ನಡುವೆ ಮಾತಿರಲಿಲ್ಲ. ಆಚೆ ಎಲೆಕೋಸು ಹುರಿದರೆ ಈಚೆ ವಾಸನೆ ಬರುತ್ತಿತ್ತು, ಅಷ್ಟೆ.

ಒಂದು ಸಲ ಸರಪಳಿ ಬಿಟ್ಟು ನೋಡಿದ್ದರೆ ಮುಗಿಯುತ್ತಿತ್ತು. ವಿಲ್ಮಾ ನೋಡಲಿಲ್ಲ. ಬುಟ್ಟಿ ಮೇಲಿರುವವರೆಗೆ ಅವಳು ತನ್ನ ಗಂಡ ಸತ್ತಿದ್ದಾನೆ ಎಂದು ನಂಬಬಹುದಿತ್ತು. ಉಳಿದ ಹೆಂಗಸರಿಗೆ, ಬುಟ್ಟಿ ಮೇಲಿರುವವರೆಗೆ ತಮ್ಮ ಗಂಡಂದಿರು ಬದುಕಿದ್ದಾರೆ ಎಂದು.

ಹೋದ ತಿಂಗಳು ವಿಲ್ಮಾ ತೀರಿಕೊಂಡಳು. ಇಲ್ಕಾ ಸ್ಮಾರಕ ಸಮಿತಿಗೆ ಪತ್ರ ಬರೆದು, ಅಪ್ಪನ ಹೆಸರನ್ನು ಕಲ್ಲಿನಲ್ಲಿ ಸೇರಿಸಿ ಎಂದು ಕೇಳಿದಳು. ‘ಸೂಕ್ತ ಆಧಾರ ಒದಗಿಸಿದಲ್ಲಿ ಪರಿಶೀಲಿಸಲಾಗುವುದು’ ಎಂದು ಉತ್ತರ ಹೋಯಿತು. ಸಮಿತಿಯ ಅಧ್ಯಕ್ಷ ಎಮಿಲ್. ಸಹಿ ಅವನದೇ. ಅವಳು ಫೋನ್ ಮಾಡಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

“ಗುರುವಾರ ಹನ್ನೆರಡಕ್ಕೆ ಬಾ. ಎರಡೂ ಬುಟ್ಟಿ ಇಳಿಸೋಣ. ನೀನೂ ಇರಬೇಕು ಕಣೋ. ನಾನೊಬ್ಬಳೇ ಇಳಿಸಿದ್ರೆ, ನೀನೇ ತುಂಬಿಟ್ಟೆ ಅಂತೀರಿ.”

ಹೀಗಾಗಿ ಬಂದಿದ್ದ. ಎರಡು ಗಂಟೆ ಮುಂಚೆ.

ಇನ್ನೂರ ಹದಿನಾಲ್ಕನೆಯ ಕೊಕ್ಕೆಯ ಮುಂದೆ ನಿಂತಾಗ ಅವನಿಗೆ ನೆನಪಾದದ್ದು ಅಪ್ಪನ ಮುಖವಲ್ಲ, ಅಕಾರ್ಡಿಯನ್ ವಾದ್ಯ. ಅಪ್ಪ ಅದನ್ನು ಬಟ್ಟೆ ಬೀರುವಿನ ಮೇಲಿಡುತ್ತಿದ್ದ. ಗಣಿ ಮುಚ್ಚಿದ ವಾರ ಎಂಟು ವರ್ಷದ ಎಮಿಲ್ ಕುರ್ಚಿ ಹತ್ತಿ ನೋಡಿದ. ಧೂಳಿನಲ್ಲಿ ಅದರ ಚೌಕ ಗುರುತು ಮಾತ್ರ ಇತ್ತು. ಅಮ್ಮ ಮಾರಿದೆ ಎಂದಳು. ಪುಸ್ತಕದಲ್ಲಿ ಅವನು ಹಾಗೆಯೇ ಬರೆದ: ವಿಧವೆ ತಾಯಿ ಮಗನ ರೊಟ್ಟಿಗಾಗಿ ಗಂಡನ ಅಕಾರ್ಡಿಯನ್ ಮಾರಿದಳು. ಓದಿದವರು ಕಣ್ಣೊರೆಸಿಕೊಂಡರು. ಗಣಿಗೆ ಹೋಗುವವನು ಅಕಾರ್ಡಿಯನ್ ಹೊತ್ತುಕೊಂಡು ಹೋಗುತ್ತಾನೆಯೇ ಎಂದು ಯಾರೂ ಕೇಳಲಿಲ್ಲ. ಕೇಳಲು ಅವರಿಗೆ ಗೊತ್ತಿರಲಿಲ್ಲ. ಅವನಿಗೆ ಗೊತ್ತಿತ್ತು.

ಸರಪಳಿ ಬಿಚ್ಚಿದ. ರಾಟೆ ಕಿರುಗುಟ್ಟಿತು, ಹಿಡಿಯಿತು, ಮತ್ತೆ ಬಿಟ್ಟುಕೊಂಡಿತು. ಬುಟ್ಟಿ ಗೇಣುಗೇಣಾಗಿ ಇಳಿಯಿತು. ಅದರ ಜೊತೆ ಮೂವತ್ತಾರು ವರ್ಷದ ಧೂಳೂ ಇಳಿದು ಅವನ ಟೋಪಿಯ ಮೇಲೆ, ಕೈಯ ಮೇಲೆ ಕೂತಿತು. ಬೆಂಚಿನ ಮೇಲೆ ಇಳಿಸಿಕೊಂಡು ನೋಡಿದ.

ಮೇಲೆ ಬೂಟು. ತುದಿಗೆ ಕಬ್ಬಿಣ ಹಾಕಿದ ಗಣಿಯ ಬೂಟು. ಕೆಳಗೆ ದಪ್ಪ ಪ್ಯಾಂಟು, ಹಲಗೆಯ ಹಾಗೆ ಸೆಟೆದುಕೊಂಡದ್ದು. ಮಂಡಿಯ ಹತ್ತಿರ ಚರ್ಮದ ತೇಪೆ. ಅಷ್ಟೆ.

ಅಪ್ಪ ಅಂದು ಇಲ್ಲಿಗೆ ಬಂದೇ ಇರಲಿಲ್ಲ.

ಎಮಿಲ್ ಬೆಂಚಿನ ಮೇಲೆ ಕೂತ. ದುಃಖವಾಗಲಿಲ್ಲ. ಬಹಳ ಹೊತ್ತಿನಿಂದ ಕಾಯುತ್ತಿದ್ದ ಬಸ್ಸು ಕೊನೆಗೂ ಬಂದ ಹಾಗೆ ಒಂದು ಸುಸ್ತು ಮಾತ್ರ. ಆಮೇಲೆ ಲೆಕ್ಕಕ್ಕೆ ಶುರುವಿಟ್ಟುಕೊಂಡಿತು ಮನಸ್ಸು. ಅಂದ್ರೆಯ್ ಎಲ್ಲೋ ಇದ್ದ. ಸ್ಫೋಟದ ಸುದ್ದಿ ಕೇಳಿದ. ಊರಿನ ಲೆಕ್ಕದಲ್ಲಿ ತಾನು ಸತ್ತೆ ಎಂದು ತಿಳಿದುಕೊಂಡ. ಮನೆಗೆ ಬಂದ, ಅಕಾರ್ಡಿಯನ್ ತೆಗೆದುಕೊಂಡ, ಹೋದ. ಅಮ್ಮ ನೋಡುತ್ತಾ ನಿಂತಿದ್ದಳೋ, ಅವಳೇ ಬೀರುವಿನಿಂದ ಇಳಿಸಿ ಕೊಟ್ಟಳೋ. ಹಾಸಿಗೆಯಲ್ಲಿ ಮಗ ಮಲಗಿದ್ದ. ಸತ್ತ ಅಪ್ಪನಿಗೆ ಮಗನನ್ನು ಬಿಟ್ಟುಹೋಗುವುದಲ್ಲದೆ ಬೇರೆ ದಾರಿಯಿರಲಿಲ್ಲ. ಆ ಅಪ್ಪನನ್ನು ಪ್ರೀತಿಸಬಹುದಿತ್ತು. ಈ ಅಪ್ಪನಿಗೆ ದಾರಿಯಿತ್ತು. ಮೂವತ್ತಾರು ವರ್ಷ ಅವನು ಯಾವುದೋ ಊರಿನಲ್ಲಿ ಬೆಳಿಗ್ಗೆ ಎದ್ದು, ಹಲ್ಲುಜ್ಜಿ, ಊಟ ಮಾಡಿ ಬದುಕಿದ್ದ. ಒಂದು ದಿನವೂ ಬರಬೇಕೆನಿಸಲಿಲ್ಲ.

ಎಮಿಲ್‌ನ ಓದು, ನೌಕರಿ, ಪುಸ್ತಕ, ವರ್ಷಕ್ಕೊಮ್ಮೆ ಕಲ್ಲಿನ ಮುಂದೆ ಮಾಡುವ ಭಾಷಣ, ಎಲ್ಲವೂ ಸತ್ತ ಅಪ್ಪನ ಮೇಲೆ ನಿಂತಿದ್ದವು. ಅವನಿಗಿದ್ದ ಆಸ್ತಿ ಅದೊಂದೇ. ಅದಿಲ್ಲದಿದ್ದರೆ ತಾನು ಯಾರು ಎಂದು ಯೋಚಿಸಲು ಹೋದರೆ ಏನೂ ಸಿಗಲಿಲ್ಲ.

ಎಂಬತ್ತೇಳನ್ನೂ ಇಳಿಸಿದ. ಕಂದು ಕೋಟು, ಚೊಕ್ಕವಾಗಿ ಮಡಚಿಟ್ಟದ್ದು. ಅಂಗಿ, ಪ್ಯಾಂಟು, ಪಾಲಿಶ್ ಮಾಡಿದ ಷೂ. ಮನೆಗೆ ಹೋಗುವವನ ಬಟ್ಟೆ. ಜೇಬಿಗೆ ಕೈ ಹಾಕಲು ಧೈರ್ಯವಾಗಲಿಲ್ಲ.

ಮುಂದಿನದ್ದನ್ನು ಯೋಚಿಸಿ ಮಾಡಿದ ಎಂದು ಹೇಳಲಾಗದು. ಯೋಚಿಸದೆ ಮಾಡಿದ ಎಂದೂ ಹೇಳಲಾಗದು. ಬೂಟು ಮತ್ತು ಪ್ಯಾಂಟನ್ನು ಎಂಬತ್ತೇಳರಲ್ಲಿಟ್ಟ. ಕೋಟು, ಅಂಗಿ, ಅದರ ಪ್ಯಾಂಟು, ಷೂಗಳನ್ನು ಇನ್ನೂರ ಹದಿನಾಲ್ಕರಲ್ಲಿಟ್ಟ. ಎರಡನ್ನೂ ಮೇಲೇರಿಸಿದ. ಮೇಲೇರಿಸುವುದು ಇಳಿಸುವುದಕ್ಕಿಂತ ಹಗುರವಾಗಿತ್ತು. ನೆಲದ ಮೇಲೆ ಬಿದ್ದ ಧೂಳನ್ನು ಷೂವಿನಿಂದ ಬೆಂಚಿನ ಕೆಳಗೆ ತಳ್ಳಿದ. ಅಂದು ಬಿಲ್ಲೆ ಅದಲುಬದಲಾಗಿತ್ತು. ಇಂದು ಬಟ್ಟೆ. ಹ್ರೆಂಕೊ ಮನೆತನದವರು ಬೋದ್ನಾರ್‌ಗಳಿಂದ ಎರವಲು ಪಡೆಯುವುದು ಹೊಸದೇನಲ್ಲ ಎಂದುಕೊಂಡ. ನಗಲು ನೋಡಿದ.

ಇಲ್ಕಾ ಹನ್ನೆರಡಕ್ಕೆ ಐದು ನಿಮಿಷವಿರುವಾಗ ಬಂದಳು. ವೃದ್ಧಾಶ್ರಮದ ಅಡುಗೆಮನೆಯಲ್ಲಿ ಕೆಲಸ ಅವಳಿಗೆ. ಬೆಳಗಿನ ಕೆಲಸ ಮುಗಿಸಿ, ಮನೆಯಲ್ಲಿ ಒಲೆ ಹಚ್ಚಿಟ್ಟು ಬಂದಿದ್ದಳಂತೆ. ಅವನಿಗಿಂತ ಎರಡು ವರ್ಷ ಚಿಕ್ಕವಳು, ನೋಡಿದರೆ ಹತ್ತು ವರ್ಷ ದೊಡ್ಡವಳು. ತಲೆಗೆ ಸ್ಕಾರ್ಫ್ ಕಟ್ಟಿದ್ದಳು.

“ಆಗ್ಲೇ ಬಂದ್ಬಿಟ್ಯಾ?”

“ಈಗ ತಾನೇ.”

“ಕೈ ಏನಾಯ್ತು?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ ಎಮಿಲ್ ಎರಡು ಕೈಯನ್ನೂ ಹಿಂದಕ್ಕೆಳೆದುಕೊಂಡ. ಕಪ್ಪಗಾಗಿದ್ದವು. “ಸರಪಳಿ ಎಳೆದು ನೋಡ್ದೆ. ಗಟ್ಟಿಯಾಗಿದ್ಯೋ ಇಲ್ವೋ ಅಂತ.”

“ಒಳ್ಳೇದೇ ಮಾಡ್ದೆ,” ಎಂದಳು.

ಅವಳು ಅಲ್ಲಿಲ್ಲಿ ನೋಡಲಿಲ್ಲ. ನೇರ ಎಂಬತ್ತೇಳರ ಹತ್ತಿರ ಹೋದಳು. ಕೊಕ್ಕೆಯ ಮೇಲೆ ಕೈಯಿಟ್ಟು ನಿಂತಳು. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಎಂದಳು. ಎಮಿಲ್ ಅವಳ ಪಕ್ಕಕ್ಕೆ ಬಂದು ನಿಂತ. ಈಗ ಹೇಳಬಹುದಿತ್ತು. ಒಂದು ಮಾತು. ನಿಲ್ಲು, ಇಳಿಸಬೇಡ, ನಿನ್ನಮ್ಮ ಹೇಳಿದ್ದೇ ನಿಜ. ಕೆಮ್ಮಿದ.

“ನೀನೇ ಇಳಿಸು,” ಎಂದಳು ಇಲ್ಕಾ. “ನನ್ನ ಕೈಲಾಗಲ್ಲ.”

ಇಳಿಸಿದ. ಅವಳು ಬೂಟನ್ನು ನೋಡಿದಳು. ಎತ್ತಿ ಬೆಂಚಿನ ಮೇಲಿಟ್ಟಳು. ಪ್ಯಾಂಟನ್ನು ಬಿಡಿಸಿದಳು, ಅದು ಬಿಡಿಸಿಕೊಳ್ಳದೆ ಮುರಿದುಕೊಂಡಿತು. ಬುಟ್ಟಿಯ ತಳಕ್ಕೆ ಕೈಹಾಕಿ ತಡವಿದಳು. ಏನೂ ಇರಲಿಲ್ಲ. ಮತ್ತೊಮ್ಮೆ ತಡವಿದಳು.

“ಹಂಗಾದ್ರೆ ಬಟ್ಟೆ ಬದಲಾಯಿಸ್ಕೊಂಡು ಹೋದ,” ಎಂದಳು.

ಎಮಿಲ್ ಸರಪಳಿಯನ್ನು ಕೊಕ್ಕೆಗೆ ಸಿಕ್ಕಿಸಿದ.

ತನ್ನಮ್ಮ ಸಾಯುವ ಮುಂಚಿನ ವಾರ ಕೂಡ ಅಪ್ಪನ ಹೆಸರಿನಲ್ಲಿ ಮೋಂಬತ್ತಿ ಹಚ್ಚಿಸಿದ್ದಳು ಎಂದು ಇಲ್ಕಾ ಹೇಳತೊಡಗಿದಳು. ಶಾಲೆಯಲ್ಲಿ ಹುಡುಗಿಯರು ತನಗೆ ಕ್ಲೀವ್‌ಲ್ಯಾಂಡ್ ಎಂದೇ ಅಡ್ಡಹೆಸರು ಇಟ್ಟಿದ್ದರಂತೆ. ಎಮಿಲ್‌ಗೆ ಅದು ನೆನಪಿತ್ತು. ಕೂಗಿದವರಲ್ಲಿ ಅವನೂ ಇದ್ದ. ತನಗೆ ಅಪ್ಪನ ಮುಖ ಸರಿಯಾಗಿ ನೆನಪಿಲ್ಲ, ಹೊಗೆಸೊಪ್ಪಿನ ವಾಸನೆ ಮಾತ್ರ ನೆನಪಿದೆ ಎಂದಳು. ಅವಳು ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು ಎಂದು ಅವನಿಗೆ ಅವಳ ಮೇಲೆ ಸಿಟ್ಟು ಬಂತು. ಆ ಸಿಟ್ಟಿಗೆ ನಾಚಿಕೆಯಾಯಿತು.

“ಬೂಟು ಇಷ್ಟು ದೊಡ್ಡದು,” ಎಂದಳು. “ಆಗಲಿ ಬಿಡು. ನಿಮ್ಮಪ್ಪಂದು ಇಳಿಸು.”

“ಈಗ ಅದ್ಯಾಕೆ? ಗೊತ್ತಾಯ್ತಲ್ಲ.”

“ಎರಡೂ ಇಳಿಸೋಣ ಅಂತ ಮಾತಾಗಿತ್ತು.”

ಇಳಿಸಿದ. ಕಂದು ಕೋಟು ಬೆಳಕಿಗೆ ಬಂತು. ಇಲ್ಕಾ ಅದನ್ನೆತ್ತಿ ಎರಡು ಸಲ ಜಾಡಿಸಿದಳು. ಧೂಳು ಹೋದಮೇಲೆ ಬಣ್ಣ ಹಾಗೇ ಇತ್ತು. ಮೂಗಿನ ಹತ್ತಿರ ಹಿಡಿದಳು. ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದಳು.

“ಹಾಕ್ಕೋ,” ಎಂದಳು.

“ಬೇಡ.”

“ಅಪ್ಪಂದು ಕಣೋ. ನಾಳೆ ಮಣ್ಣು ಪಾಲಾಗತ್ತೆ. ಒಂದ್ಸಲ ಹಾಕ್ಕೋ, ನೋಡೋಣ.”

ಅವಳೇ ಅವನ ಬೂದು ಕೋಟನ್ನು ಹೆಗಲಿನಿಂದ ಕಳಚಿ ತನ್ನ ತೋಳಿನ ಮೇಲೆ ಹಾಕಿಕೊಂಡಳು. ತಾಯಿ ಮಗುವಿಗೆ ತೊಡಿಸುವ ಹಾಗೆ ಕಂದು ಕೋಟನ್ನು ಹಿಂದಿನಿಂದ ಹಿಡಿದಳು. ಎಮಿಲ್ ತೋಳು ತೂರಿಸಿದ. ಬಿಗಿಯಾಗಿತ್ತು. ತೋಳು ಮಣಿಕಟ್ಟಿಗಿಂತ ನಾಲ್ಕು ಬೆರಳು ಮೇಲೆಯೇ ನಿಂತಿತು. ಗಣಿಯ ಒಳಗಿನ ತಣ್ಣನೆ ವಾಸನೆ ಬಂತೋ, ಬಂದಂತೆ ಅನಿಸಿತೋ.

“ನಿಮ್ಮಪ್ಪ ಎತ್ತರದ ಆಳು ಅಂತಿದ್ರು,” ಎಂದಳು ಹಿಂದಿನಿಂದ.

“ನೆನಪಿಲ್ಲ.”

“ಪುಸ್ತಕದಲ್ಲಿ ಬರ್ದಿದ್ಯಲ್ಲ. ಬಾಗಿಲಲ್ಲಿ ಬಗ್ಗಿ ಬರ್ತಿದ್ದ ಅಂತ.” ಅವಳು ಪುಸ್ತಕ ಓದಿದ್ದಾಳೆಂದು ಅವನಿಗೆ ಗೊತ್ತಿರಲಿಲ್ಲ. “ನಿಲ್ಲು, ಕಾಲರ್ ಮಡಚ್ಕೊಂಡಿದೆ.”

ಅವಳ ಬೆರಳು ಅವನ ಕುತ್ತಿಗೆಗೆ ತಾಗಿತು. ಕಾಲರನ್ನು ಎತ್ತಿತು. ಅಲ್ಲೇ ನಿಂತಿತು.

ಆಗ ನೆನಪಾಯಿತು ಅವನಿಗೆ. ಜೋಡಿ ಮನೆಗಳ ಹಿಂದೆ ಬಟ್ಟೆ ಒಣಗಿಸಲು ಎರಡು ಸಂಸಾರಕ್ಕೂ ಸೇರಿ ಒಂದೇ ಹಗ್ಗ. ಒಲೆಯ ಹೊಗೆಗೆ ಎಲ್ಲ ಅಂಗಿಯೂ ಒಂದೇ ಬಣ್ಣ. ಯಾರದು ಯಾವುದೆಂದು ತಿಳಿಯಲು ಅರ್ಡೆಲ್ಲಾದ ಹೆಂಗಸರು ಮದುವೆಯಾಗಿ ಬಂದ ಮೊದಲ ವಾರವೇ ಗಂಡನ ಬಟ್ಟೆಗೆಲ್ಲ ಕಾಲರ್ ಒಳಗೆ ಕೆಂಪು ನೂಲಿನಲ್ಲಿ ಅವನ ಸಂಖ್ಯೆ ಹೊಲಿಯುತ್ತಿದ್ದರು. ಇದರ ಬಗ್ಗೆ ಅವನು ಪುಸ್ತಕದಲ್ಲಿ ಬರೆದಿರಲಿಲ್ಲ. ಹೆಂಗಸರ ಸಣ್ಣಪುಟ್ಟ ಕೆಲಸ ಎಂದು ಬಿಟ್ಟಿದ್ದ.

ಬೆರಳು ಕುತ್ತಿಗೆಯ ಮೇಲೆ ನಿಧಾನ ಸರಿಯಿತು. ಕುರುಡರು ಓದುವ ಹಾಗೆ ಮೊದಲ ಅಂಕಿ, ಆಮೇಲೆ ಎರಡನೆಯದು. ಮೂರನೆಯದಿರಲಿಲ್ಲ. ಎಮಿಲ್ ತಿರುಗಲಿಲ್ಲ. ಅವಳು ಕಿರಿಚಲಿ ಎಂದು ಕಾದ. ಬೆನ್ನಿಗೆ ಗುದ್ದಲಿ ಎಂದು ಕಾದ. ಗುದ್ದಿದ್ದರೆ ಸಾಕಾಗಿತ್ತು, ಅವನು ಅಲ್ಲೇ ಕುಸಿದು ಎಲ್ಲವನ್ನೂ ಹೇಳಿಬಿಡುತ್ತಿದ್ದ. ಅವಳ ಉಸಿರು ಮಾತ್ರ ಕೇಳುತ್ತಿತ್ತು. ಹೊರಗೆಲ್ಲೋ ಟಿಂಗ್ಲರ್‌ನ ಯಂತ್ರ ಎರಡು ಸಲ ಗೊರಗೊರ ಎಂದು ನಿಂತಿತು.

ಇಲ್ಕಾ ಕಾಲರನ್ನು ಮಡಚಿ ಸರಿಮಾಡಿದಳು. ಅಂಗೈಯಿಂದ ತಟ್ಟಿ ಕೂರಿಸಿದಳು.

“ಸರಿಯಾಗಿದೆ,” ಎಂದಳು. “ನಿನಗೇ ಇರಲಿ.”

“ಇಲ್ಕಾ...”

“ಮಾತಾಡ್ಬೇಡ.”

ಅವಳು ಬುಟ್ಟಿಯಲ್ಲಿದ್ದ ಅಂಗಿ, ಪ್ಯಾಂಟು, ಷೂಗಳನ್ನು ತೆಗೆದು ತನ್ನ ಸ್ಕಾರ್ಫ್ ಬಿಚ್ಚಿ ಅದರಲ್ಲಿ ಗಂಟು ಕಟ್ಟಿದಳು. ತೋಳಿನ ಮೇಲಿದ್ದ ಅವನ ಬೂದು ಕೋಟಿನ ಧೂಳು ಕೊಡವಿ, ಬುಟ್ಟಿಯ ಕೆಳಗಿನ ಕೊಕ್ಕೆಗೆ ಹಾಕಿದಳು. ಆಮೇಲೆ ಸರಪಳಿ ಎಳೆದಳು. ಈ ಕೆಲಸವನ್ನು ಎಂದೂ ಮಾಡದ ಅವಳು ದಿನಾ ಮಾಡಿದವಳಂತೆ ಎಳೆದಳು. ಕೋಟು ತೋಳು ಇಳಿಬಿಟ್ಟುಕೊಂಡು ಮೇಲೆ ಹೋಯಿತು. ಸೂರಿಗೆ ತಾಗಿದಾಗ ಸರಪಳಿಯನ್ನು ಇನ್ನೂರ ಹದಿನಾಲ್ಕಕ್ಕೆ ಸಿಕ್ಕಿಸಿದಳು.

“ಕಮಿಟಿಗೆ ನೀನೇ ಬರಿ,” ಎಂದಳು. “ಆಧಾರ ಸಿಕ್ತು ಅಂತ.”

ಯಾವುದಕ್ಕೆ ಎಂದು ಹೇಳಲಿಲ್ಲ. ಗಂಟನ್ನು ಎದೆಗೊತ್ತಿಕೊಂಡು ಹೊರಟಳು. ಬೂಟು ಮತ್ತು ಮುರಿದ ಪ್ಯಾಂಟು ಬೆಂಚಿನ ಮೇಲೆ ಅವನ ಪಕ್ಕದಲ್ಲೇ ಉಳಿದವು. ಅವಳ ಹೆಜ್ಜೆ ಕಲ್ಲಿನ ರಸ್ತೆಯ ಮೇಲೆ ಬಹಳ ದೂರದವರೆಗೆ ಕೇಳಿಸಿತು. ಒಮ್ಮೆಯೂ ನಿಲ್ಲಲಿಲ್ಲ.

ಕಂದು ಕೋಟನ್ನು ಕಳಚಲು ನೋಡಿದ. ಬಲದ ತೋಳು ಅರ್ಧಕ್ಕೆ ಬಂದು ಒಳಗಿನ ಹರಿದ ಅಸ್ತರಿನಲ್ಲಿ ಸಿಕ್ಕಿಕೊಂಡಿತು. ಎಳೆದರೆ ಹರಿಯುತ್ತದೆ. ಹರಿಯಲು ಕೈ ಬರಲಿಲ್ಲ. ಮತ್ತೆ ಹಾಕಿಕೊಂಡ. ಕಾರಿನ ಕೀಲಿ ಬೂದು ಕೋಟಿನ ಜೇಬಿನಲ್ಲಿದೆ ಎಂಬುದು ಆಗ ಹೊಳೆಯಿತು. ಕೊಕ್ಕೆ ಕೈಗೆಟುಕುವಷ್ಟು ಹತ್ತಿರದಲ್ಲಿತ್ತು. ಸರಪಳಿಯನ್ನು ಬಿಟ್ಟರೆ ಸಾಕು, ಒಂದು ನಿಮಿಷದ ಕೆಲಸ. ಅವನು ಕೈ ಚಾಚಿದ. ತೋಳಿನಿಂದಾಚೆ ಬಂದಿದ್ದ ತನ್ನ ಕಪ್ಪು ಮಣಿಕಟ್ಟನ್ನು ನೋಡಿದ. ಕೈಯನ್ನು ಇಳಿಸಿಕೊಂಡ.

ಎಷ್ಟು ಹೊತ್ತು ನಿಂತಿದ್ದನೋ, ಟಿಂಗ್ಲರ್ ಬಾಗಿಲಲ್ಲಿ ಕಾಣಿಸಿದ. ಬೀಗದ ಕೈ ಬೆರಳಿಗೆ ಹಾಕಿಕೊಂಡು ಆಡಿಸುತ್ತಿದ್ದ.

“ಮುಗೀತಾ ಮೇಷ್ಟ್ರೇ? ಆಯಮ್ಮ ಹೋಗೋದು ನೋಡ್ದೆ. ಮಾತಾಡಿಸಿದ್ರೂ ನಿಲ್ಲಲಿಲ್ಲ.” ಎಮಿಲ್‌ನ ಮೈಮೇಲಿನ ಕೋಟನ್ನು ನೋಡಿದ. ಕತ್ತೆತ್ತಿ ಮೇಲೆ ನೋಡಿ ಕಣ್ಣು ಕಿರಿದು ಮಾಡಿಕೊಂಡ. “ನಾಳೆ ಏಳಕ್ಕೆಲ್ಲ ಶುರು ಹಚ್ಕೋತೀವಿ. ಇದರಲ್ಲಿ ನಿಮ್ದು ಅಂತ ಏನಾದ್ರೂ ಇದ್ರೆ ಈಗ್ಲೇ ಇಳಿಸ್ಕೊಂಡ್ಬಿಡಿ.”

“ನಂದೇನೂ ಇಲ್ಲ,” ಎಂದ ಎಮಿಲ್.

ಹೊರಗೆ ಬಂದು ನಿಂತ. ಟಿಂಗ್ಲರ್ ದೊಡ್ಡ ಬಾಗಿಲನ್ನು ಹೆಗಲು ಕೊಟ್ಟು ತಳ್ಳತೊಡಗಿದ. ಒಳಗಿನ ಬೆಳಕು ಒಂದು ಪಟ್ಟಿಯಾಯಿತು. ಆ ಪಟ್ಟಿಯಲ್ಲಿ ಬೂದು ಕೋಟು ಒಂದು ಕ್ಷಣ ಬೂದಾಗಿಯೇ ಕಾಣಿಸಿತು. ಸರಪಳಿ ತುಸು ತಿರುಗಿ ಅದರ ಬೆನ್ನು ಬಾಗಿಲಿನ ಕಡೆಗಾಯಿತು. ಬಾಗಿಲು ಇನ್ನೂ ಸ್ವಲ್ಪ ಸರಿದಾಗ ಬಣ್ಣ ಹೋಯಿತು. ಉಳಿದವುಗಳ ನಡುವೆ ಯಾವುದು ತನ್ನದೆಂದು ಅವನು ಇನ್ನೂ ಹುಡುಕುತ್ತಿರುವಾಗಲೇ ಬಾಗಿಲು ಮುಚ್ಚಿಕೊಂಡಿತು.